ಸಂಕ ಹಾಕುವವರು, ಸೇತುವೆ ಕೇಳುವವರು

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ನಮ್ಮ ಕೇರಿಯಲ್ಲಿ ಸಂಕ, ಅಂದರೆ ಹಳ್ಳಕ್ಕೆ ಮರದ ಕಾಲುಸೇತುವೆ, ಹಾಕುವ ದಿನ. ಶಿರಸಿಯಿಂದ ಘಟ್ಟದ ಅಂಚಿಗೆ ಹೋಗುವ ಬಸ್ಸಿಳಿದು ಎರಡು ಕಿಲೋಮೀಟರ್ ನಡೆದರೆ ನಮ್ಮ ಮನೆ. ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರಾಯಿತು. ಜೂನ್ ಎರಡನೇ ವಾರದ ಹೊತ್ತಿಗೆ ಅದೇ ಹಳ್ಳ ಕೆಂಪು ನೀರು ತುಂಬಿಕೊಂಡು, ಸಿಕ್ಕ ಮರದ ಬೊಡ್ಡೆಯನ್ನೆಲ್ಲ ಎಳೆದುಕೊಂಡು, ಪಕ್ಕದಲ್ಲಿ ನಿಂತವನ ಮಾತೂ ಕೇಳದ ಹಾಗೆ ಸದ್ದು ಮಾಡುತ್ತ ಹೋಗುತ್ತದೆ. ಹಾಗಾಗಿ ಹನ್ನೊಂದು ಮನೆಯವರು ಸೇರಿ ವರ್ಷ ವರ್ಷ ಕಾಲುಸಂಕ ಕಟ್ಟುತ್ತೇವೆ. ಮನೆಗೊಂದು ಆಳು, ಮನೆಗೊಂದು ಅಡಿಕೆ ಮರ. ಮರ ಕೊಡಲಾಗದವರು ಬಿದಿರು ತರುತ್ತಾರೆ. ಆಳು ಬರದಿದ್ದರೆ ಒಂದು ದಿನದ ಕೂಲಿಯನ್ನು ಪುಸ್ತಕಕ್ಕೆ ಬರೆಸಬೇಕು.

ಪುಸ್ತಕದ ವಿಷಯ ಆಮೇಲೆ ಹೇಳುತ್ತೇನೆ.

ಈ ಸಲ ಅಕ್ಕನ ಮಗಳು ರಜೆಗೆ ಬಂದಿದ್ದಳು. ಶಿರಸಿಯಲ್ಲಿ ಬಿ.ಎ. ಓದುತ್ತಾಳೆ, ರಾಜ್ಯಶಾಸ್ತ್ರ. ನಾವು ಜಗಲಿಯಲ್ಲಿ ಕೂತು ಕವಳ ಹಾಕುತ್ತ ಯಾರ ಮರ ಯಾವುದು ಅಂತ ಲೆಕ್ಕ ಮಾಡುತ್ತಿದ್ದಾಗ ನೋಟ್ಸು ಹಿಡಿದುಕೊಂಡು ಬಂದಳು. "ಮಾವಾ, ನಾಗರಿಕ ಸಮಾಜ ಅಂದ್ರೆ ಏನು? ಹತ್ತು ಮಾರ್ಕಿಗೆ ಕೇಳ್ತಾರೆ." ನೋಟ್ಸಿನಲ್ಲಿ ಬರೆದಿತ್ತು: ಕುಟುಂಬ, ಮಾರುಕಟ್ಟೆ ಹಾಗೂ ಪ್ರಭುತ್ವಗಳ ನಡುವೆ ಸ್ವಯಂಪ್ರೇರಿತವಾಗಿ ರೂಪುಗೊಳ್ಳುವ ಸಂಘಟನೆಗಳ ವಲಯ. ಕೆಳಗೆ ಹೆಗೆಲ್, ಗ್ರಾಂಶಿ ಅಂತ ಎರಡು ಹೆಸರು. ಕೆಳಗಿನ ಮನೆಯ ಅಣ್ಣ ಬಗ್ಗಿ ನೋಡಿ, "ಯಾವ ಊರಿನ ಹೆಗಡೆ ಇವನು?" ಅಂದ. ಎಲ್ಲರೂ ನಕ್ಕರು. ನಾನೂ ಹೆಗಡೆಯೇ ಆದ್ದರಿಂದ ಸ್ವಲ್ಪ ಜಾಸ್ತಿಯೇ ನಕ್ಕೆ.

ಆದರೆ ಉತ್ತರ ಹೇಳಬೇಕಲ್ಲ. ಜರ್ಮನಿಯ ತತ್ವಜ್ಞಾನಿ ಹೆಗೆಲ್ ಮಾರುಕಟ್ಟೆಯನ್ನೂ ನಾಗರಿಕ ಸಮಾಜದೊಳಗೇ ಸೇರಿಸಿದ್ದ, ನಿನ್ನ ನೋಟ್ಸಿನವರು ಹೊರಗಿಟ್ಟಿದ್ದಾರೆ ಅಂದೆ. ಗ್ರಾಂಶಿ ಇಟಲಿಯ ಚಿಂತಕ, ಮುಸ್ಸೊಲಿನಿಯ ಜೈಲಿನಲ್ಲಿ ಕೂತು ಬರೆದವನು. ಶಾಲೆ, ಚರ್ಚು, ಪತ್ರಿಕೆ ಇವೆಲ್ಲ ಬರೀ ಜನರ ದನಿ ಅಂತ ತಿಳಿಯಬೇಡಿ, ಆಳುವವರ ಮಾತನ್ನು ಜನ ತಾವಾಗಿಯೇ ಒಪ್ಪುವ ಹಾಗೆ ಮಾಡುವ ಜಾಗವೂ ಇದೇ ಅಂತ ಅವನ ತಕರಾರು. ಅಷ್ಟು ಹೇಳುವ ಹೊತ್ತಿಗೆ ಅವಳ ಮುಖ ನೋಡಿದರೆ ಹತ್ತು ಮಾರ್ಕಿನಲ್ಲಿ ಎರಡು ಹೋಯಿತು ಅನ್ನುವ ಹಾಗಿತ್ತು. ಅಷ್ಟರಲ್ಲಿ ಅಂಗಳದಿಂದ ಯಾರೋ ಕರೆದರು, ಕತ್ತಿ ಹಿಡಿದು ತೋಟಕ್ಕೆ ಹೋದೆವು. ಮರ ಹೊರುವಾಗೆಲ್ಲ ತಲೆಯಲ್ಲಿ ಇದೇ ಮಾತು ಸುತ್ತುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ತೊಂದರೆ ಆ ಪದದ್ದೇ. ಕನ್ನಡದಲ್ಲಿ ನಾಗರಿಕ ಅಂದರೆ ಎರಡು ಅರ್ಥ. ಓಟು ಇರುವವನೂ ನಾಗರಿಕ, ನಯವಾಗಿ ನಡೆದುಕೊಳ್ಳುವವನೂ ನಾಗರಿಕ. ಯಾರಿಗಾದರೂ ಅನಾಗರಿಕ ಅಂದರೆ ಬೈಗುಳ. ಹೀಗಾಗಿ ನಾಗರಿಕ ಸಮಾಜ ಅಂದ ಕೂಡಲೇ ಇಸ್ತ್ರಿ ಅಂಗಿ ಹಾಕಿಕೊಂಡು ಮೈಕಿನ ಮುಂದೆ ಕೂತವರು ಕಣ್ಣಿಗೆ ಬರುತ್ತಾರೆ. 2011ರಲ್ಲಿ ಅಣ್ಣಾ ಹಜಾರೆ ದಿಲ್ಲಿಯಲ್ಲಿ ಉಪವಾಸ ಕೂತಾಗ ಟಿವಿಯಲ್ಲಿ ದಿನವಿಡೀ ಸಿವಿಲ್ ಸೊಸೈಟಿ, ಸಿವಿಲ್ ಸೊಸೈಟಿ. ನಾವೂ ನಾಲ್ಕು ಜನ ಶಿರಸಿಯ ಬಿಡಕಿಬೈಲಿನಲ್ಲಿ ಮೇಣದಬತ್ತಿ ಹಿಡಿದು ನಿಂತಿದ್ದೆವು. ಗಾಳಿಗೆ ಬತ್ತಿ ಆರುತ್ತಿತ್ತು, ಮತ್ತೆ ಹಚ್ಚುತ್ತಿದ್ದೆವು, ಫೋಟೋ ತೆಗೆಸಿಕೊಂಡು ಮನೆಗೆ ಬಂದೆವು. ಅದನ್ನೇನೂ ಹಾಸ್ಯ ಮಾಡುತ್ತಿಲ್ಲ. ಆದರೆ ಮರುದಿನ ಯಾರು ಏನು ಮಾಡಬೇಕು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಸಂಕದ ದಿನ ಹಾಗಲ್ಲ. ಕವೆ ಯಾರು ನೆಡಬೇಕು, ತಂತಿ ಯಾರು ಬಿಗಿಯಬೇಕು, ಆಗಸ್ಟಿನಲ್ಲಿ ಹಾವಸೆ ಕಟ್ಟಿ ಜಾರತೊಡಗಿದಾಗ ಗೋಣಿಚೀಲ ಸುತ್ತುವವರು ಯಾರು, ಎಲ್ಲ ಮೊದಲೇ ಗೊತ್ತು.

ನನ್ನ ಮಟ್ಟಿಗೆ ನಾಗರಿಕ ಸಮಾಜದ ಕೆಲಸ ಎರಡು. ಒಂದು ಸಂಕ ಹಾಕುವುದು. ಇನ್ನೊಂದು ಸೇತುವೆ ಕೇಳುವುದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಎರಡಕ್ಕೂ ಜನ ಇದ್ದಾರೆ. ಆದರೆ ನಮ್ಮೂರಂಥ ಕಡೆ ಮೊದಲನೆಯದಕ್ಕೆ ಹನ್ನೊಂದು ಮನೆ ಬರುತ್ತದೆ, ಎರಡನೆಯದಕ್ಕೆ ನಾನು ಮತ್ತು ಕೆಳಗಿನ ಮನೆಯ ಅಣ್ಣ.

ಆರು ವರ್ಷದಲ್ಲಿ ನಾಲ್ಕು ಅರ್ಜಿ ಕೊಟ್ಟಿದ್ದೇವೆ. ಕಾಲುಸಂಕ ಇರುವಲ್ಲಿ ಸಣ್ಣ ಸೇತುವೆ ಕಟ್ಟಲು ಸರ್ಕಾರದ್ದೇ ಯೋಜನೆ ಇತ್ತು, ಶಾಲಾ ಸಂಪರ್ಕ ಸೇತು ಅಂತ. ನಮ್ಮ ಹಳ್ಳ ದಾಟಿ ಶಾಲೆಗೆ ಹೋಗುವ ಮಕ್ಕಳು ಏಳು. ಮೊದಲ ಅರ್ಜಿ ಕೊಟ್ಟಾಗ ನಮಗೆ ಸ್ವೀಕೃತಿ ತೆಗೆದುಕೊಳ್ಳಬೇಕು ಅಂತಲೂ ತಿಳಿದಿರಲಿಲ್ಲ, ಮೂರು ತಿಂಗಳು ಬಿಟ್ಟು ಕೇಳಿದರೆ ಅಂಥ ಅರ್ಜಿಯೇ ಬಂದಿಲ್ಲ ಅಂದರು. ಎರಡನೇ ಸಲ ಎರಡು ಪ್ರತಿ ಒಯ್ದು ಒಂದಕ್ಕೆ ಸೀಲು ಹಾಕಿಸಿಕೊಂಡು ಬಂದೆವು. ಉತ್ತರ ಬರಲಿಲ್ಲ. ಮೂರನೇ ಸಲ ಒಬ್ಬ ಅಧಿಕಾರಿ ನಿಜವಾಗಿಯೂ ಬಂದು ನೋಡಿದರು, ಒಳ್ಳೆಯ ಮನುಷ್ಯ, ಆಯಿ ಕೊಟ್ಟ ಕಷಾಯ ಕುಡಿದರು, ಸಂಕದ ಮೇಲೆ ಆಚೆ ಈಚೆ ಎರಡು ಸಲ ನಡೆದು ನೋಡಿದರು. ಆಮೇಲೆ ಹೇಳಿದ್ದು: "ನೀವೇ ಎಷ್ಟು ಚಂದ ಮಾಡ್ಕೊಂಡಿದೀರಲ್ರೀ."

ನಮಗೆ ಆಗ ಹೆಮ್ಮೆಯೇ ಆಯಿತು. ಅವರ ಜೀಪು ಹೋದ ಮೇಲೆ ಅಣ್ಣ ತಲೆ ಕೆರೆದುಕೊಳ್ಳುತ್ತ, "ಅಲ್ಲ ಮಾರಾಯ, ಚಂದ ಮಾಡಿದ್ದೇ ತಪ್ಪಾಯ್ತಲ್ಲ" ಅಂದ. ಹೌದಲ್ವಾ! ನಾವು ಒಂದು ವರ್ಷ ಸಂಕ ಹಾಕದೆ ಕೂತು, ಮಕ್ಕಳು ಆಚೆ ದಡದಲ್ಲಿ ಅಳುವ ಫೋಟೋ ಪೇಪರಿನಲ್ಲಿ ಬಂದಿದ್ದರೆ ಬೇಗ ಕೆಲಸ ಆಗುತ್ತಿತ್ತೇನೋ. ಆದರೆ ಹಾಗೆ ಮಾಡಲು ಯಾರಿಗೆ ಮನಸ್ಸು ಬರುತ್ತದೆ? ಸರ್ಕಾರ ಮಾಡಬೇಕಾದ್ದನ್ನು ಊರವರೇ ಮಾಡಿಕೊಂಡರೆ ಅದು ಸ್ವಾವಲಂಬನೆಯೋ, ಸರ್ಕಾರಕ್ಕೆ ಕೊಟ್ಟ ರಜೆಯೋ ಅಂತ ಆವತ್ತಿನಿಂದ ಯೋಚಿಸುತ್ತಲೇ ಇದ್ದೇನೆ. ಸ್ವಚ್ಛತಾ ಅಭಿಯಾನ, ಶಾಲೆಗೆ ಬಣ್ಣ ಹೊಡೆಯುವುದು, ರಸ್ತೆ ಹೊಂಡ ತುಂಬುವುದು, ಇವನ್ನೆಲ್ಲ ಮಾಡುವ ಸಂಘಗಳನ್ನು ಎಲ್ಲರೂ ಹೊಗಳುತ್ತಾರೆ. ಅದೇ ಸಂಘದವರು ಈ ರಸ್ತೆಗೆ ಬಂದ ದುಡ್ಡೆಷ್ಟು ಅಂತ ಕೇಳಲಿ ನೋಡಿ, ಮುಖ ಗಂಟಾಗುತ್ತದೆ.

ಕೇಳಿದ್ದೂ ಆಯಿತು. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ನಮ್ಮ ಅರ್ಜಿಗಳ ಗತಿ ಏನಾಯಿತು ಅಂತ ಬರೆದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆ ಹೇಳುತ್ತದೆ, ಇಪ್ಪತ್ತೊಂಬತ್ತನೇ ದಿನ ಬಂತು. "ಸದರಿ ಸ್ಥಳದಲ್ಲಿ ಸಾರ್ವಜನಿಕ ದಾರಿ ಇರುವ ಬಗ್ಗೆ ಕಚೇರಿಯಲ್ಲಿ ದಾಖಲೆ ಲಭ್ಯವಿರುವುದಿಲ್ಲ." ನನ್ನ ಅಜ್ಜನ ಕಾಲದಿಂದ ನಡೆಯುವ ದಾರಿ! ಆ ಕಾಗದವನ್ನೂ ಪುಸ್ತಕದಲ್ಲಿ ಇಟ್ಟಿದ್ದೇನೆ.

ಕೇಳುವುದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಸಾಲ್ಕಣಿ ನಮ್ಮಲ್ಲಿಂದ ಬಹಳ ದೂರ ಇಲ್ಲ. 1983ರ ಸೆಪ್ಟೆಂಬರ್ 8ರಂದು ಅಲ್ಲಿನ ಜನ ಕಾಡಿಗೆ ಹೋಗಿ ಮರಗಳನ್ನು ತಬ್ಬಿಕೊಂಡರು. ಕಡಿಯಲು ಬಂದವರು ಕೊಡಲಿ ಕೆಳಗಿಟ್ಟರು. ಅಪ್ಪಿಕೋ ಚಳವಳಿ ಅಂತ ದೇಶಕ್ಕೆಲ್ಲ ಗೊತ್ತಾಯಿತು, ಅದರ ಮುಂದಾಳು ಪಾಂಡುರಂಗ ಹೆಗಡೆಯವರ ಹೆಸರು ಕೇಳದವರು ಈ ಕಡೆ ಇಲ್ಲ, ಹಿಮಾಲಯದಿಂದ ಚಿಪ್ಕೋ ಚಳವಳಿಯ ಸುಂದರಲಾಲ್ ಬಹುಗುಣ ಬಂದು ಹೋದರು. ಎಲ್ಲರ ನೆನಪಿನಲ್ಲಿ ಇರುವುದು ಆ ತಬ್ಬಿಕೊಂಡ ಚಿತ್ರ. ನನಗೆ ಇಷ್ಟವಾಗುವುದು ಅದಕ್ಕೆ ಮುಂಚಿನದ್ದು: ಊರಿನ ಯುವಕ ಮಂಡಳಿಯವರು ಮೊದಲು ಮಾಡಿದ್ದು ಅರಣ್ಯ ಇಲಾಖೆಗೆ ಮನವಿ ಬರೆದದ್ದು. ಕಡಿಯುವುದು ನಿಲ್ಲಿಸಿ ಅಂತ. ಅದು ನಡೆಯದಾಗ ಕಾಡಿಗೆ ಹೋದರು. ನಾಟಕ, ವಾಲಿಬಾಲು, ಗಣೇಶ ಚೌತಿ ಅಂತ ಓಡಾಡುವ ಯುವಕ ಮಂಡಳಿಗಳು ಎಲ್ಲ ಊರಲ್ಲೂ ಇವೆ. ಒಂದು ದಿನ ಬೇಕಾಗುತ್ತವೆ.

ಬೇಡ್ತಿಯದು ಇನ್ನೂ ಬೇರೆ ಥರ. ಬೇಡ್ತಿ ನದಿಗೆ ವಿದ್ಯುತ್ ಅಣೆಕಟ್ಟು ಅಂತ ಹೊರಟಾಗ, 80ರ ದಶಕದ ಆರಂಭದಲ್ಲಿ, ವಿಚಾರ ಸಂಕಿರಣ ಕರೆದದ್ದು ಶಿರಸಿಯ ಟಿಎಸ್‌ಎಸ್, ಅಂದರೆ 1923ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಮಾರಾಟ ಸಂಘ. ಅಡಿಕೆ ತೂಗುವ ಸಂಘಕ್ಕೂ ಅಣೆಕಟ್ಟಿಗೂ ಏನು ಸಂಬಂಧ ಅಂತ ಕೇಳಬಹುದು. ಮುಳುಗುವ ತೋಟ ಅವರ ಸದಸ್ಯರದ್ದು. ವಿಜ್ಞಾನಿಗಳು, ಎಂಜಿನಿಯರುಗಳು, ಅರ್ಥಶಾಸ್ತ್ರ ಬಲ್ಲವರನ್ನೆಲ್ಲ ಕೂರಿಸಿ ಲಾಭ ಎಷ್ಟು ನಷ್ಟ ಎಷ್ಟು ಅಂತ ಲೆಕ್ಕ ಹಾಕಿಸಿದರು. ಸರ್ಕಾರ ಕೊನೆಗೆ ಯೋಜನೆ ಕೈಬಿಟ್ಟಿತು. ಘೋಷಣೆ ಕೂಗಿ ಸುಸ್ತಾಗುವುದಕ್ಕಿಂತ ಎದುರಿನವರ ಲೆಕ್ಕವನ್ನೇ ಮತ್ತೊಮ್ಮೆ ಕೂಡಿ ಕಳೆಯುವುದು ನಮ್ಮ ಅಡಿಕೆಯವರ ಸ್ವಭಾವಕ್ಕೂ ಸರಿಹೊಂದುತ್ತದೆ ಅನ್ನಿ.

ಎಲ್ಲ ಸಲವೂ ಗೆದ್ದಿಲ್ಲ. ಕೈಗಾದಲ್ಲಿ ಅಣುಸ್ಥಾವರ ಬೇಡ ಅಂತ ಹೊನ್ನಾವರದ ಕುಸುಮಾ ಸೊರಬ ಹಳ್ಳಿ ಹಳ್ಳಿ ತಿರುಗಿದರು. ಶಿವರಾಮ ಕಾರಂತರು ಮುಪ್ಪಿನಲ್ಲಿ, 1989ರಲ್ಲಿ, ಇದೇ ವಿಷಯ ಹಿಡಿದು ಇಲ್ಲಿಂದ ಲೋಕಸಭೆಗೆ ನಿಂತರು. ಸೋತರು. ಸ್ಥಾವರವೂ ಬಂತು. ಆದರೆ ಕಟ್ಟುತ್ತಿರುವಾಗಲೇ, 1994ರಲ್ಲಿ, ಒಂದು ಘಟಕದ ಗುಮ್ಮಟದ ಒಳಪದರ ಕುಸಿದು ಬಿತ್ತು, ವಿನ್ಯಾಸವನ್ನು ಮತ್ತೆ ನೋಡಬೇಕಾಯಿತು. ಸುರಕ್ಷತೆ ಬಗ್ಗೆ ಅಷ್ಟು ವರ್ಷ ಕೇಳುತ್ತ ಬಂದವರನ್ನು ಪ್ರಗತಿಯ ಶತ್ರುಗಳು ಅಂದವರು ಆವತ್ತು ಏನಂದುಕೊಂಡರೋ.

ಕಾರವಾರದ ಕಡೆಯವರಿಗೆ 2020ರ ಜನವರಿ ನೆನಪಿರುತ್ತದೆ. ಬಂದರು ವಿಸ್ತರಣೆ ಕೆಲಸ ಶುರುವಾದಾಗ ಮೀನುಗಾರರು ಟ್ಯಾಗೋರ್ ಕಡಲತೀರಕ್ಕೆ ಬಂದು ಕೂತರು, ಪೇಟೆ ಬಂದ್ ಆಯಿತು, ಹೈಕೋರ್ಟಿನಿಂದ ತಡೆ ಬಂತು. ಮೀನು ಮಾರುವ ಹೆಂಗಸರು ಪೊಲೀಸರ ಎದುರು ಮಾತಾಡಿದ್ದನ್ನು ಮೊಬೈಲಿನಲ್ಲಿ ನೋಡಿದ್ದೆ. ನಾಗರಿಕ ಪದದ ಆ ಎರಡನೇ ಅರ್ಥ, ನಯ ನಾಜೂಕು, ಅಲ್ಲಿ ಒಂದು ಚೂರೂ ಇರಲಿಲ್ಲ. ಮೊದಲನೇ ಅರ್ಥ ಭರ್ತಿ ಇತ್ತು.

ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಮಾತ್ರ ನನ್ನನ್ನು ಕಾಡುತ್ತದೆ. ಇಷ್ಟುದ್ದದ ಜಿಲ್ಲೆ, ದೊಡ್ಡ ಕಾಯಿಲೆ ಅಂದರೆ ಮಂಗಳೂರು, ಮಣಿಪಾಲ, ಹುಬ್ಬಳ್ಳಿ, ಗೋವಾ. 2019ರಲ್ಲಿ ಹುಡುಗರು ಟ್ವಿಟರಿನಲ್ಲಿ ಅಭಿಯಾನ ಮಾಡಿದರು. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತಾಗ (ಅಂಕೋಲೆಯ ಶಿರೂರು ಬೇರೆ, ಅದು 2024ರಲ್ಲಿ ಗುಡ್ಡ ಕುಸಿದದ್ದು) ಮತ್ತೆ ಕೂಗು ಎದ್ದಿತು. ನಾನೂ ಸ್ಟೇಟಸ್ ಹಾಕಿದೆ. ಭರವಸೆಗಳು ಬಂದವು. ಆಮೇಲೆ? ಯಾವ ಮಂತ್ರಿ ಯಾವ ದಿನ ಏನು ಹೇಳಿದರು ಅಂತ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಹೋಗಿ ಕೇಳುವ ಹನ್ನೊಂದು ಮನೆ ಎಲ್ಲಿತ್ತು? ನಾನಂತೂ ಬರೆದಿಟ್ಟುಕೊಳ್ಳಲಿಲ್ಲ. ಸಂಕದ ತಂತಿಗೆ ಎಷ್ಟಾಯಿತು ಅಂತ ಬರೆದಿಟ್ಟವನು ಇದನ್ನು ಬರೆಯಲಿಲ್ಲ.

ಇನ್ನು ನಾಗರಿಕ ಸಮಾಜ ಅಂದರೆ ಎಲ್ಲರದೂ ಒಂದೇ ಮಾತು ಅಂತ ಯಾರಾದರೂ ಹೇಳಿದರೆ ಹುಬ್ಬಳ್ಳಿ–ಅಂಕೋಲಾ ರೈಲಿನ ವಿಷಯ ತೆಗೆಯಿರಿ ಸಾಕು. ಕರಾವಳಿಯಲ್ಲಿ ರೈಲು ಬೇಕು ಅನ್ನುವ ಸಮಿತಿ, ಘಟ್ಟದ ಮೇಲೆ ಕಾಡು ಹೋಗುತ್ತದೆ ಬೇಡ ಅನ್ನುವವರು. ಇಬ್ಬರದೂ ಮನವಿ, ಇಬ್ಬರದೂ ಸಭೆ. ಅಂಕೋಲೆಯ ನನ್ನ ಗೆಳೆಯನಿಗೂ ನನಗೂ ಇದೊಂದರಲ್ಲಿ ಯಾವತ್ತೂ ಹೊಂದುವುದಿಲ್ಲ. ಮದುವೆ ಮನೆಯಲ್ಲಿ ಎದುರುಬದುರು ಊಟಕ್ಕೆ ಕೂತು ಜಗಳ ಆಡಿದ್ದೇವೆ, ಬಡಿಸುವವರು ಪಾಯಸ ಹಿಡಿದು ನಿಂತೇ ಇದ್ದರು. ಹಾಗೆ ಜಗಳ ಆಡಲು ಆಗುವುದೇ ದೊಡ್ಡದು ಅನಿಸುತ್ತದೆ. ಸಂವಿಧಾನದ 19ನೇ ವಿಧಿ ಸಂಘ ಕಟ್ಟುವ ಹಕ್ಕು ಕೊಡುವಾಗ ಯಾರ ಪರ ಸಂಘ ಅಂತ ಕೇಳುವುದಿಲ್ಲವಲ್ಲ.

ಈಗ ಸ್ವಲ್ಪ ನಮ್ಮ ಜಗಲಿಯ ಕಡೆ ಬರುತ್ತೇನೆ. ಹೇಳಲು ಮುಜುಗರದ ವಿಷಯ. ಸಂಕದ ಸಭೆಯಲ್ಲಿ ಚಾಪೆ ಮೇಲೆ ಕೂರುವವರು ಯಾರು, ಅಂಗಳದ ಕಟ್ಟೆ ಮೇಲೆ ಕೂರುವವರು ಯಾರು ಅಂತ ನೋಡಿದರೆ ಜಾತಿ ಲೆಕ್ಕ ತಪ್ಪುವುದೇ ಇಲ್ಲ. ಯಾರೂ ಹೀಗೇ ಕೂರಿ ಅಂತ ಹೇಳಿಲ್ಲ. ಹೇಳಬೇಕಾಗಿಯೇ ಬಂದಿಲ್ಲ. ಹೆಂಗಸರು ಒಳಗೆ ಕಷಾಯ ಮಾಡುತ್ತಿರುತ್ತಾರೆ. ಆ ದಿನ ಸಂಕದ ಕೈಹಿಡಿ ಯಾವ ಎತ್ತರಕ್ಕೆ ಕಟ್ಟಬೇಕು ಅಂತ ಗಂಡಸರು ಅರ್ಧ ಗಂಟೆ ಚರ್ಚೆ ಮಾಡಿದೆವು. ಬಾಗಿಲಲ್ಲಿ ನಿಂತ ಮೇಲಿನ ಮನೆಯ ಅತ್ತಿಗೆ ಕೊನೆಗೆ, "ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಕೊಡೆ ಇದ್ದವರಿಗೆ ನಿಮ್ಮ ಕೈಹಿಡಿ ಎಂತಕ್ಕೆ? ಅಗಲ ಮಾಡಿ, ಇನ್ನೆರಡು ಮರ ಹಾಕಿ" ಅಂದಳು. ಅಷ್ಟು ವರ್ಷ ನಮಗೆ ಹೊಳೆದಿರಲಿಲ್ಲ. ಈ ಸಲ ಆರು ಮರದ ಬದಲು ಎಂಟು ಮರ ಹಾಕಿದೆವು.

ಹೆಂಗಸರು ಕೂತು ಕೇಳಿದ ಚರಿತ್ರೆಯೂ ಇಲ್ಲಿಯದೇ. ಸ್ವಾತಂತ್ರ್ಯ ಹೋರಾಟದ ಕರನಿರಾಕರಣೆ ಕಾಲದಲ್ಲಿ ಸಿದ್ದಾಪುರ, ಅಂಕೋಲೆಯ ರೈತರ ಜಮೀನು ಹರಾಜಾಯಿತು. ಹರಾಜಿನಲ್ಲಿ ಕೊಂಡವರ ಮನೆ ಮುಂದೆ ಮಾವಿನಗುಂಡಿಯ ಕಡೆ ಹೆಂಗಸರು ಉಪವಾಸ ಕೂತರು. ಬ್ರಿಟಿಷರ ಎದುರು ನಿಂತದ್ದಕ್ಕಿಂತ ನೆರೆಯವನ ಅಂಗಳದಲ್ಲಿ ಕೂತದ್ದು ಕಷ್ಟದ ಕೆಲಸ ಅಂತ ನನಗೆ ಅನಿಸುತ್ತದೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರನ್ನು ಹಾಡಿಗಾಗಿ ನೆನೆಯುತ್ತಾರೆ, 2017ರಲ್ಲಿ ಪದ್ಮಶ್ರೀ ಬಂತು. ಅವರು ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು ಅನ್ನುವುದನ್ನು ಎರಡನೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ.

ಇನ್ನೊಂದು ಹೆದರಿಕೆಯೂ ಇದೆ ನನಗೆ, ಅಣ್ಣನ ಹತ್ತಿರವೂ ಹೇಳಿಲ್ಲ. ಕುಮಟಾ ಕಡೆ ಅಘನಾಶಿನಿ ಅಳಿವೆಯಲ್ಲಿ ಗಜನಿ ಅನ್ನುವ ಉಪ್ಪುನೀರಿನ ಗದ್ದೆಗಳಿವೆ, ಮಾಣಿಕಟ್ಟಾ ಸುತ್ತಮುತ್ತ. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಅಲ್ಲಿಯದು. ಮೊದಲು ಮಣ್ಣಿನ ಒಡ್ಡು, ಊರವರೇ ಸೇರಿ ವರ್ಷ ವರ್ಷ ಕಟ್ಟಬೇಕು, ಭರತ ಇಳಿತ ನೋಡಿ ಒಡ್ಡಿನ ಬಾಗಿಲು ತೆಗೆಯಬೇಕು, ಮುಚ್ಚಬೇಕು. ಆಮೇಲೆ ಸರ್ಕಾರ ಗಟ್ಟಿ ಕಲ್ಲಿನ ಒಡ್ಡು ಕಟ್ಟಿಕೊಟ್ಟಿತು. ಒಳ್ಳೆಯದೇ. ಆದರೆ ಒಟ್ಟಿಗೆ ಮಣ್ಣು ಹೊರುವ ಕೆಲಸ ಹೋದ ಮೇಲೆ ಒಟ್ಟಿಗೆ ಕೂರುವುದೂ ಕಡಿಮೆಯಾಯಿತು, ಸಿಗಡಿ ಸಾಕಣೆ ಬಂತು, ಕಗ್ಗ ಬೆಳೆಯುವವರು ಕೆಲವೇ ಜನ ಉಳಿದರು. ನಮ್ಮ ಹಳ್ಳಕ್ಕೆ ನಾಳೆ ಸಿಮೆಂಟು ಸೇತುವೆ ಬಂದರೆ ಈ ಹನ್ನೊಂದು ಮನೆಯವರು ಮತ್ತೆ ಯಾವಾಗ ಒಂದು ಜಗಲಿಯಲ್ಲಿ ಕೂರುತ್ತೇವೆ? ಸೇತುವೆ ಬೇಡ ಅನ್ನಲು ಇದು ಕಾರಣ ಅಲ್ಲ, ಅಷ್ಟು ಹುಚ್ಚು ನನಗಿಲ್ಲ. ಆದರೂ.

ಸಂಕ ಹಾಕಿ ಮುಗಿದ ಮೇಲೆ ಐದನೇ ಅರ್ಜಿ ಬರೆಯೋಣ ಅಂತ ಕೂತೆವು. ಅಕ್ಕನ ಮಗಳ ಅಕ್ಷರ ಚೆನ್ನಾಗಿದೆ, ಅವಳಿಗೇ ಕೊಟ್ಟೆವು. ಹಳೇ ಅರ್ಜಿಯ ಪ್ರತಿ ನೋಡಿ ಬರೆಯುತ್ತಿದ್ದವಳು ನಿಲ್ಲಿಸಿ, "ಮಾವಾ, ಇಲ್ಲಿ ಮನೆ ಯಜಮಾನರ ಸಹಿ ಅಂತ ಯಾಕೆ ಹಾಕಿದೀರಿ? ದಾಟುವುದು ಯಜಮಾನರು ಮಾತ್ರನಾ?" ಅಂತ ಕೇಳಿದಳು. ಯಾರೂ ಮಾತಾಡಲಿಲ್ಲ. ಅಂಗಳದಲ್ಲಿ ಹಗ್ಗ ಸುತ್ತಿಡುತ್ತಿದ್ದ ಅಕ್ಕ, ಹಳ್ಳದ ಆಚೆಯಿಂದ ನಮ್ಮ ತೋಟದ ಕೆಲಸಕ್ಕೆ ಬರುವವಳು, ಅಲ್ಲಿಂದಲೇ ಅಂದಳು: "ಹೆಗಡೇರೇ, ನಮ್ಮ ಸಹಿ ಬ್ಯಾಡ್ವಾ? ದಿನಾ ಎರಡು ಸಲ ದಾಟೋರು ನಾವು."

ಆರು ವರ್ಷ, ನಾಲ್ಕು ಅರ್ಜಿ. ಅವಳನ್ನು ಒಂದು ಸಲವೂ ಕೇಳಿರಲಿಲ್ಲ.

ಹುಡುಗಿ ಆ ಸಾಲು ಹೊಡೆದು "ಸಂಕ ದಾಟುವವರು" ಅಂತ ಬರೆದಳು. ಹನ್ನೊಂದು ಸಹಿ ಇರುತ್ತಿದ್ದ ಕಾಗದಕ್ಕೆ ಎರಡು ಹಾಳೆ ಹೆಚ್ಚುವರಿ ಬೇಕಾಯಿತು, ಒಟ್ಟು 46 ಜನ, ಅದರಲ್ಲಿ ಆರು ಹೆಬ್ಬೆಟ್ಟು, ಶಾಲೆ ಮಕ್ಕಳ ಹೆಸರು ಬೇರೆ ಪಟ್ಟಿಯಲ್ಲಿ. ನೋಂದಣಿ ಮಾಡಿಸೋಣವಾ, ಏಳು ಜನ ಇದ್ದರೆ ಸಂಘ ಆಗುತ್ತದಂತೆ, ಅಂತಲೂ ಮಾತು ಬಂತು. ವರ್ಷ ವರ್ಷ ಲೆಕ್ಕ ಸಲ್ಲಿಸಬೇಕು ಅಂದ ಕೂಡಲೇ ಆ ಮಾತು ಅಲ್ಲಿಗೇ ನಿಂತಿತು. ಸೋಮವಾರ ಅಣ್ಣ, ನಾನು, ಅತ್ತಿಗೆ ಮತ್ತು ಆ ಅಕ್ಕ ನಾಲ್ವರೂ ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆವು. ಸೀಲು ಅರ್ಧ ಮಾತ್ರ ಬಿತ್ತು, ತಾರೀಕು ಕಾಣುತ್ತಿಲ್ಲ ಅಂತ ಅತ್ತಿಗೆ ಮತ್ತೊಮ್ಮೆ ಹಾಕಿಸಿದಳು.

ಪುಸ್ತಕದ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ. ಉದ್ದನೆಯ ಹಳೇ ಲೆಕ್ಕದ ಪುಸ್ತಕ ಅದು, ರಟ್ಟಿಗೆ ಎಣ್ಣೆ ಕಲೆ, ಅಪ್ಪನ ಕೈಬರಹದಿಂದ ಶುರುವಾಗುತ್ತದೆ. ಯಾವ ವರ್ಷ ಯಾರ ಮರ, ಯಾರ ಕೂಲಿ ಬಾಕಿ, ಬಳ್ಳಿ ಹೋಗಿ ತಂತಿ ಬಂದದ್ದು ಯಾವಾಗ, ಎಲ್ಲ ಇದೆ. ಅರ್ಜಿಗೆ ಆದ ಖರ್ಚು ಮಾತ್ರ ಯಾವತ್ತೂ ಅದರಲ್ಲಿ ಇರಲಿಲ್ಲ, ಅದು ನನ್ನ ಮತ್ತು ಅಣ್ಣನ ಕಿಸೆಯದ್ದು. ಈ ಸಲ ಅಣ್ಣ ರಾತ್ರಿ ಪುಸ್ತಕ ತೆರೆದು, ತಂತಿ ಎರಡು ಕೆ.ಜಿ. ಅನ್ನುವುದರ ಕೆಳಗೆ ಬರೆದ: ಅರ್ಜಿ ಜೆರಾಕ್ಸ್ 24 ರೂ., ಬಸ್ ಚಾರ್ಜು ಇಬ್ಬರದು. ಹೆಂಗಸರದು ಫ್ರೀ.